ಸಾನಪಾಡಾದ ಕಲ್ಲು, ನೀರು, ತಿಥಿ

ಮುಂಬಯಿಯ ಹೆಚ್ಚಿನ ಕನ್ನಡಿಗರಿಗೆ ಸಾನಪಾಡಾ ಎಂದರೆ ವಾಶಿ ದಾಟಿದ ಮೇಲೆ ಬರುವ ಒಂದು ಸ್ಟೇಷನ್, ಅಷ್ಟೇ. ಹಾರ್ಬರ್ ಲೈನಿನಲ್ಲಿ ಪನವೇಲಿಗೆ ಹೋಗುವವರು ಇಲ್ಲಿ ನಿದ್ದೆಯಲ್ಲಿರುತ್ತಾರೆ. ಥಾಣೆ ಕಡೆಯಿಂದ ಬಂದವರು ಇಳಿದು ಪ್ಲಾಟ್‌ಫಾರ್ಮ್ ಬದಲಿಸುತ್ತಾರೆ. ಎಲಿಫೆಂಟಾ ಗುಹೆಗೆ ಹೋದಂತೆ, ಮಾಥೇರಾನಿಗೆ ಹೋದಂತೆ ಸಾನಪಾಡಾ ನೋಡಲು ಯಾರೂ ಬರುವುದಿಲ್ಲ. ಆದರೆ ಒಮ್ಮೆ ಮಳೆ ನಿಂತ ಸಂಜೆ ಇಲ್ಲಿನ ಯಾವುದಾದರೂ ಎತ್ತರದ ಕಟ್ಟಡದ ಟೆರೇಸ್ ಹತ್ತಿ ನೋಡಿ. ಪೂರ್ವಕ್ಕೆ ಪಾರ್ಸಿಕ್ ಗುಡ್ಡ. ಪಶ್ಚಿಮಕ್ಕೆ ಪಾಮ್ ಬೀಚ್ ರಸ್ತೆ, ಕಾಂಡ್ಲಾ ಗಿಡಗಳ ಹಸಿರು ಪಟ್ಟಿ, ಥಾಣೆಯ ಖಾಡಿ, ಅದರಾಚೆ ಟ್ರಾಂಬೆಯ ಗುಡ್ಡ. ಗುಡ್ಡಕ್ಕೂ ಖಾಡಿಗೂ ನಡುವೆ ಉಳಿದ ಕೆಲವೇ ಕಿಲೋಮೀಟರ್ ಅಗಲದ ಪಟ್ಟಿಯಲ್ಲಿ ರೈಲು, ಹೈವೇ, ಮಾರ್ಕೆಟ್, ಕಂಪನಿ, ನಮ್ಮ ಮನೆ ಎಲ್ಲವೂ ಇವೆ.

ನಾನು ವಿಜಯಪುರ ಜಿಲ್ಲೆಯವನು. ಎಂ.ಟೆಕ್. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದು ಈ ಪಟ್ಟಿಯಲ್ಲಿ ಹನ್ನೊಂದು ವರ್ಷವಾಯಿತು. ಇಲ್ಲಿ ಫ್ಲ್ಯಾಟ್ ಕೊಳ್ಳುವಾಗ ಕಾರ್ಪೆಟ್ ಏರಿಯಾ, ಸ್ಟ್ಯಾಂಪ್ ಡ್ಯೂಟಿ, ಪಾರ್ಕಿಂಗ್ ಎಲ್ಲವೂ ಕಾಗದದ ಮೇಲೆ ಬರುತ್ತವೆ. ಕಟ್ಟಡದ ಕೆಳಗೆ ಏನಿದೆ ಎಂಬುದು ಮಾತ್ರ ಯಾವ ಅಗ್ರಿಮೆಂಟಿನಲ್ಲೂ ಇರುವುದಿಲ್ಲ. ಅದನ್ನು ತಿಳಿಯಲು ರಜೆಯ ದಿನಗಳಲ್ಲಿ ಸುತ್ತಾಡತೊಡಗಿದೆ. ಆ ತಿರುಗಾಟದ ಲೆಕ್ಕ ಇದು.

ಮೊದಲು ಗುಡ್ಡ. ತುರ್ಭೆ, ಶಿರವಣೆ ಕಡೆ ಪಾರ್ಸಿಕ್ ಗುಡ್ಡದ ಸೆರಗಿನಲ್ಲಿ ಕಲ್ಲಿನ ಗಣಿಗಳು ಕೊರೆದ ಗಾಯಗಳಿವೆ. ಹತ್ತಿರ ಹೋದರೆ ಕಾಣುವುದು ಕರಿಕಲ್ಲು. ಗೋಳಗುಮ್ಮಟ ಕಟ್ಟಿದ ಕಲ್ಲಿನ ಜಾತಿಯೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಲಾವಾ ಹರಿಯಿತು. ಒಂದು ಪದರ ಆರಿದ ಮೇಲೆ ಇನ್ನೊಂದು. ಇಂದಿಗೂ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ನೆಲವನ್ನು ಆ ಬಸಾಲ್ಟ್ ಹೊದ್ದುಕೊಂಡಿದೆ. ಬೆಳಗಾವಿ, ವಿಜಯಪುರ, ಕಲಬುರಗಿಯ ಎರೆಮಣ್ಣು ಅದೇ ಕಲ್ಲು ಪುಡಿಯಾಗಿ ಆದದ್ದು. ಅಂದರೆ ನಮ್ಮೂರ ಜೋಳದ ಹೊಲಕ್ಕೂ ಈ ಗುಡ್ಡಕ್ಕೂ ತಳ ಒಂದೇ.

ಒಂದು ವ್ಯತ್ಯಾಸವಿದೆ. ನಮ್ಮ ಕಡೆ ಆ ಪದರಗಳು ಒಂದರ ಮೇಲೊಂದು ಪೇರಿಸಿದ ರೊಟ್ಟಿಯ ಹಾಗೆ ಮಟ್ಟಸವಾಗಿವೆ. ಲೋಣಾವಳಾ ಘಾಟಿನಲ್ಲೂ ರೈಲಿನ ಕಿಟಕಿಯಿಂದ ಆ ಅಡ್ಡಗೆರೆಗಳು ನೇರವಾಗಿಯೇ ಕಾಣುತ್ತವೆ. ಆದರೆ ಪನವೇಲ್, ಕಲ್ಯಾಣದ ಗೆರೆ ದಾಟಿ ಸಮುದ್ರದ ಕಡೆ ಬಂದರೆ ಪದರಗಳು ಪಶ್ಚಿಮಕ್ಕೆ ವಾಲಿವೆ; ಕೆಲವು ಕಡೆ ಹತ್ತು ಹದಿನೈದು ಡಿಗ್ರಿಯಷ್ಟು. ಇದಕ್ಕೆ 'ಪನವೇಲ್ ಫ್ಲೆಕ್ಶರ್' ಎನ್ನುತ್ತಾರೆ, ಪನವೇಲಿನ ಬಾಗು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಜೆ. ಬಿ. ಆಡೆನ್ 1949ರಲ್ಲಿ ಇದರ ಬಗ್ಗೆ ಬರೆದರು. ಅವರು ಕವಿ ಡಬ್ಲ್ಯೂ. ಎಚ್. ಆಡೆನ್ ಅವರ ಅಣ್ಣ. ಸೇಶೆಲ್ಸ್ ದ್ವೀಪಗಳನ್ನು ಹೊತ್ತ ತುಂಡು ಭಾರತದಿಂದ ಬೇರೆಯಾಗುವಾಗ ಈ ಅಂಚು ಜಗ್ಗಿ, ಬಿರುಕು ಬಿಟ್ಟು, ಸಮುದ್ರದತ್ತ ಕುಸಿಯಿತು. ನಾವಿರುವುದು ಆ ಅಂಚಿನ ಮೇಲೆ.

ಬಿರುಕು ಎಂದಾಕ್ಷಣ ಭೂಕಂಪ ನೆನಪಾಗುವುದು ಸಹಜ. ಅದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಈ ಬಿರುಕುಗಳಲ್ಲಿ ನಮ್ಮ ಜನ ಸ್ನಾನ ಮಾಡುವ ಜಾಗಕ್ಕೆ ಹೋಗೋಣ.

ಮುಂಬಯಿಯ ಯಾವ ಉಡುಪಿ ಹೋಟೆಲಿಗೆ ಹೋದರೂ ಗಲ್ಲಾಪೆಟ್ಟಿಗೆಯ ಮೇಲೆ ನಿತ್ಯಾನಂದ ಸ್ವಾಮಿಗಳ ಫೋಟೋ ಕಾಣುವುದುಂಟು. ಕಾಞಂಗಾಡು, ಮಂಗಳೂರು ಕಡೆ ಓಡಾಡಿದ್ದ ಅವರು ಕೊನೆಗೆ ನೆಲೆಸಿದ್ದು ಗಣೇಶಪುರಿಯಲ್ಲಿ; 1961ರಲ್ಲಿ ಸಮಾಧಿಯಾದದ್ದೂ ಅಲ್ಲೇ. ನಮ್ಮ ಸೊಸೈಟಿಯಿಂದಲೂ ವರ್ಷಕ್ಕೊಮ್ಮೆ ಕರಾವಳಿಯವರು ಟೆಂಪೊ ಟ್ರಾವೆಲರ್ ಮಾಡಿಕೊಂಡು ಭಿವಂಡಿ, ಅಂಬಾಡಿ ಮಾರ್ಗವಾಗಿ ಅಲ್ಲಿಗೆ ಹೋಗುತ್ತಾರೆ. ದರ್ಶನಕ್ಕೆ ಮೊದಲು ಬಿಸಿನೀರಿನ ಕುಂಡದಲ್ಲಿ ಸ್ನಾನ. ಪಕ್ಕದ ವಜ್ರೇಶ್ವರಿ, ಅಕಲೋಲಿಯಲ್ಲೂ ತಾನಸಾ ನದಿಯ ದಂಡೆಯಲ್ಲಿ ಇಂಥ ಕುಂಡಗಳಿವೆ. ದೇವಿ ಕೊಂದ ರಾಕ್ಷಸರ ರಕ್ತವೇ ಬಿಸಿನೀರಾಗಿ ಹರಿಯುತ್ತಿದೆ ಎಂಬುದು ಸ್ಥಳದ ಕಥೆ.

ವಿಜ್ಞಾನ ಹೇಳುವ ಕಥೆಯೂ ಕಡಿಮೆಯದೇನಲ್ಲ. ಇಲ್ಲಿ ಹತ್ತಿರದಲ್ಲಿ ಜ್ವಾಲಾಮುಖಿ ಇಲ್ಲ. ಲಾವಾ ಆರಿ ಕೋಟ್ಯಂತರ ವರ್ಷವಾಗಿದೆ. ಆದರೆ ನೆಲದೊಳಗೆ ಇಳಿದಂತೆ ಪ್ರತಿ ಕಿಲೋಮೀಟರಿಗೆ ಹೆಚ್ಚುಕಡಿಮೆ ಇಪ್ಪತ್ತೈದು ಮೂವತ್ತು ಡಿಗ್ರಿ ಬಿಸಿ ಏರುತ್ತದೆ. ಮಳೆನೀರು ಬಿರುಕುಗಳಲ್ಲಿ ಆಳಕ್ಕೆ ಇಳಿದು, ಕಾದು, ಇನ್ನೊಂದು ಬಿರುಕು ಹಿಡಿದು ಮೇಲೆ ಬರುತ್ತದೆ. ಪಾಲಘರದಿಂದ ರತ್ನಾಗಿರಿಯವರೆಗೆ ಕೊಂಕಣದ ಉದ್ದಕ್ಕೂ ಇಂಥ ಬುಗ್ಗೆಗಳು ಸಾಲಾಗಿ ಇರುವುದು ಅದಕ್ಕೇ. ಆ ನೀರಿನ ಪರಮಾಣುಗಳನ್ನು ಪರೀಕ್ಷಿಸಿದವರು ಅದು ಮೂಲತಃ ಮಳೆನೀರೇ ಎಂದು ಕಂಡುಕೊಂಡಿದ್ದಾರೆ. ಎಂದೋ ಬಿದ್ದ ಮುಂಗಾರನ್ನು ಇಂದು ಬಿಸಿಬಿಸಿಯಾಗಿ ಮೈಮೇಲೆ ಸುರಿದುಕೊಂಡು ನಾವು ದರ್ಶನಕ್ಕೆ ನಿಲ್ಲುತ್ತೇವೆ.

ಇದೇ ಮಳೆ, ಇದೇ ಬಿರುಕು ಸೇರಿ ಇನ್ನೊಂದು ಕಡೆ ಬೇರೆಯದೇ ಕೆಲಸ ಮಾಡಿವೆ. ಸಾತಾರಾ ಜಿಲ್ಲೆಯ ಕೊಯ್ನಾ ಅಣೆಕಟ್ಟಿನಲ್ಲಿ 1962ರ ಸುಮಾರಿಗೆ ನೀರು ತುಂಬತೊಡಗಿದ ಮೇಲೆ ಸಣ್ಣ ಸಣ್ಣ ಕಂಪನಗಳು ಶುರುವಾದವು. 1967ರ ಡಿಸೆಂಬರ್ 11ರ ಬೆಳಗಿನ ಜಾವ 6.3ರ ಪ್ರಮಾಣದ ಭೂಕಂಪವಾಗಿ ಕೊಯ್ನಾನಗರ ನೆಲಸಮವಾಯಿತು. ಸುಮಾರು 180 ಜನ ಸತ್ತರು. ಮುಂಬಯಿಯೂ ನಡುಗಿತು. ಮಳೆಗಾಲದಲ್ಲಿ ಜಲಾಶಯ ತುಂಬಿದ ನಂತರ ಅಲ್ಲಿ ಕಂಪನಗಳು ಹೆಚ್ಚುತ್ತವೆ ಎಂಬುದನ್ನು ವಿಜ್ಞಾನಿಗಳು ದಶಕಗಳಿಂದ ದಾಖಲಿಸಿದ್ದಾರೆ. ನೀರಿನ ಭಾರ ಒಂದು ಕಾರಣ. ಬಿರುಕಿನೊಳಗೆ ನುಗ್ಗಿದ ನೀರಿನ ಒತ್ತಡ ಕಲ್ಲಿಗೂ ಕಲ್ಲಿಗೂ ಇರುವ ಹಿಡಿತವನ್ನು ಸಡಿಲಿಸುವುದು ಇನ್ನೊಂದು. ಒತ್ತಡ ಮೊದಲೇ ಕೂಡಿಬಿದ್ದಿರುತ್ತದೆ, ನೀರು ಕುದುರೆ ಎಳೆಯುತ್ತದೆ ಅಷ್ಟೇ. ಇದನ್ನು ಒಳಗಿನಿಂದಲೇ ನೋಡಬೇಕೆಂದು ಕರಾಡದಲ್ಲಿ ಕೇಂದ್ರ ಸರಕಾರದ ಪ್ರಯೋಗಾಲಯವಿದೆ. 2017ರಲ್ಲಿ ಅವರು ಮೂರು ಕಿಲೋಮೀಟರ್ ಆಳದ ಬಾವಿ ಕೊರೆದು ಮುಗಿಸಿದರು.

1993ರ ಸೆಪ್ಟೆಂಬರ್ 30ರ ನಸುಕು ನನಗೆ ಸ್ವಲ್ಪ ನೆನಪಿದೆ. ಕಿಲ್ಲಾರಿಯ ಭೂಕಂಪ. ಅಡಿಗೆಮನೆಯ ಡಬ್ಬಿಗಳು ಸದ್ದು ಮಾಡಿದವು. ಆಯಿ ನಮ್ಮನ್ನೆಲ್ಲ ಅಂಗಳಕ್ಕೆ ಎಳೆದು ತಂದು, "ಒಳಗ ಯಾರೂ ಹೋಗಬ್ಯಾಡ್ರಿ" ಎಂದು ಬೆಳಕಾಗುವವರೆಗೆ ಕಾವಲು ಕೂತಿದ್ದಳು. ಲಾತೂರ, ಉಸ್ಮಾನಾಬಾದ ಕಡೆ ಹತ್ತು ಸಾವಿರದಷ್ಟು ಜನ ಹೋದರು. ದಖ್ಖನಿನ ಕಲ್ಲು ಅಲುಗುವುದಿಲ್ಲ ಎಂಬ ನಂಬಿಕೆ ಅಂದಿಗೆ ಮುಗಿಯಿತು. ಮನೆಗಳನ್ನು ಕೆಡವಿದ್ದು ಬರೀ ಕಂಪನ ಅಲ್ಲ, ಮಣ್ಣಿನಲ್ಲಿ ಪೇರಿಸಿದ ದಪ್ಪ ಕಲ್ಲಿನ ಗೋಡೆ. ನೆಲ ಎಂಥದ್ದು ಎನ್ನುವಷ್ಟೇ ಮುಖ್ಯ, ಅದರ ಮೇಲೆ ನಾವು ಹೇಗೆ ಕಟ್ಟಿಕೊಂಡಿದ್ದೇವೆ ಎಂಬುದು. ಸಾನಪಾಡಾದಲ್ಲಿ ಈ ಮಾತಿಗೆ ಎರಡು ಪಟ್ಟು ಬೆಲೆ. ಏಕೆಂದರೆ ಇಲ್ಲಿ ಗುಡ್ಡದ ಬುಡ ಬಿಟ್ಟು ಖಾಡಿಯ ಕಡೆ ಬಂದರೆ ಕಲ್ಲಿನ ಮೇಲೆ ಕೆಸರು, ಕೆಸರಿನ ಮೇಲೆ ತುಂಬಿದ ಮಣ್ಣು.

1970ರಲ್ಲಿ ಸಿಡ್ಕೊ ಹುಟ್ಟುವ ಮೊದಲು ಇಲ್ಲಿ ಆಗ್ರಿ, ಕೋಳಿ ಜನರ ಊರುಗಳು, ಭತ್ತದ ಗದ್ದೆ, ಉಪ್ಪಿನ ಆಗರ ಇದ್ದವು. ಸಾನಪಾಡಾ ಗಾವ್ ಈಗಲೂ ಇದೆ, ಟವರುಗಳ ನಡುವೆ ಇಕ್ಕಟ್ಟಾಗಿ. ಖಾಡಿಯಂಚಿನ ತಗ್ಗು ನೆಲ ಊರಾದಾಗ ನೀರಿಗೊಂದು ವ್ಯವಸ್ಥೆ ಬೇಕಾಯಿತು. ಈ ನೆಲ ದೊಡ್ಡ ಉಬ್ಬರದ ಮಟ್ಟಕ್ಕಿಂತ ಕೆಳಗೆ. ಹಾಗಾಗಿ ಡಚ್ಚರ ಪದ್ಧತಿಯಲ್ಲಿ ಹೋಲ್ಡಿಂಗ್ ಪಾಂಡ್‌ಗಳನ್ನು ತೋಡಿದರು. ಉಬ್ಬರ ಬಂದಾಗ ಖಾಡಿಯ ಕಡೆಯ ಗೇಟು ಮುಚ್ಚಬೇಕು. ಗುಡ್ಡದಿಂದ, ರಸ್ತೆಯಿಂದ ಹರಿದ ಮಳೆನೀರು ಕೊಳದಲ್ಲಿ ಕಾಯಬೇಕು. ಇಳಿತವಾದಾಗ ಗೇಟು ತೆರೆದು ನೀರು ಖಾಡಿಗೆ ಹೋಗಬೇಕು. ನಮ್ಮೂರ ಕೆರೆ ಬೇಸಿಗೆಗಾಗಿ ನೀರು ಹಿಡಿಯುತ್ತದೆ, ಇಲ್ಲಿಯ ಕೆರೆ ಆರು ತಾಸಿಗಾಗಿ.

ಈ ಲೆಕ್ಕದಲ್ಲಿ ಉಬ್ಬರದ ಭಾಗ ಖಚಿತ. ಚಂದ್ರ ಸೂರ್ಯರ ಗುರುತ್ವ ಹೊತ್ತು ತಪ್ಪುವುದಿಲ್ಲ. ಗಾವಿನ ಮುದುಕರೊಬ್ಬರು ನನಗೆ ಇದನ್ನು ಬಹಳ ಸರಳವಾಗಿ ಹೇಳಿಕೊಟ್ಟರು. "ಕಾಲನಿರ್ಣಯ್ ನೋಡಿ ಸಾಹೇಬ್. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಮಧ್ಯಾಹ್ನ ಊಟದ ಹೊತ್ತಿಗೆ ದೊಡ್ಡ ಭರತಿ. ಅವತ್ತು ಮಳೆ ಜೋರಾದರೆ ಗಾಡಿ ಮೇಲೆ ಹತ್ತಿಸಿಡಿ." ಏಕಾದಶಿ, ಸಂಕಷ್ಟಿ ನೋಡಲು ಅಮ್ಮ ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರ್ ಅಂದಿನಿಂದ ನನಗೆ ಉಬ್ಬರದ ಪಟ್ಟಿಯೂ ಆಯಿತು.

ಖಚಿತವಲ್ಲದ್ದು ಮಳೆ. ನೆಲ ಕಾಯುತ್ತದೆ, ಸಮುದ್ರದ ಗಾಳಿ ಒಳಗೆ ನುಗ್ಗುತ್ತದೆ, ಅದೇ ಮುಂಗಾರು ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಮುಂಗಾರನ್ನೇ ಅಭ್ಯಾಸ ಮಾಡಿ 2025ರಲ್ಲಿ ತೀರಿಕೊಂಡ ಸುಲೋಚನಾ ಗಾಡ್ಗೀಳ್ ಅವರು ಇದನ್ನು ಒಪ್ಪಲಿಲ್ಲ. ಬರೀ ಕಾವಿನ ಮಾತಾಗಿದ್ದರೆ ನೆಲ ಹೆಚ್ಚು ಕಾದ ವರ್ಷ ಮಳೆ ಹೆಚ್ಚಾಗಬೇಕಿತ್ತು. ಆಗುವುದು ತಿರುಗಾಮುರುಗಾ, ಮಳೆ ಕೈಕೊಟ್ಟ ವರ್ಷವೇ ನೆಲಕ್ಕೆ ಕಾವು ಹೆಚ್ಚು. 1980ರಲ್ಲಿ ಡಿ. ಆರ್. ಸಿಕ್ಕಾ ಅವರ ಜೊತೆ ಉಪಗ್ರಹದ ಚಿತ್ರಗಳನ್ನು ದಿನದಿನವೂ ಜೋಡಿಸಿ ಅವರು ತೋರಿಸಿದ್ದು ಬೇರೆ: ಭೂಮಧ್ಯರೇಖೆಯ ಹತ್ತಿರದ ಮೋಡದ ಪಟ್ಟಿ ಬೇಸಿಗೆಯಲ್ಲಿ ಉತ್ತರಕ್ಕೆ ಸರಿದು ನಮ್ಮ ಮೇಲೆ ಬಂದು ನಿಲ್ಲುತ್ತದೆ, ಆಗಾಗ ಹೊಸ ಪಟ್ಟಿ ಕಡಲಿನಿಂದ ಹೊರಟು ಬರುತ್ತದೆ. ಮಳೆಯ ಆರ್ಭಟ, ಬಿಡುವು ಎರಡೂ ಈ ಓಡಾಟದ ಫಲ. ಶೇಂಗಾ ಬೆಳೆಯುವ ಪಾವಗಡದ ರೈತರ ಜೊತೆ ಕೂತು, ಬಿತ್ತನೆಗೆ ಯಾವ ವಾರ ಒಳ್ಳೆಯದು ಎಂದು ಲೆಕ್ಕ ಹಾಕಿದವರೂ ಅವರೇ. ಈ ವರ್ಷ ಮಳೆ ಚೆನ್ನಾಗಿದೆಯೇ ಎಂಬ ಒಂದೇ ಪ್ರಶ್ನೆಯಿಂದ ರೈತನಿಗೆ ಉಪಯೋಗವಿಲ್ಲ. ಯಾವಾಗ ಬಿದ್ದರೆ ನಾನೇನು ಮಾಡಲಿ ಎಂಬುದು ಬೇಕು.

ನಗರಕ್ಕೂ ಅಷ್ಟೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ತಾಸಿನಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಇಡೀ ಮಳೆಗಾಲದ ಮೂರನೇ ಒಂದಕ್ಕಿಂತ ಹೆಚ್ಚು. ಅದೇ ದಿನ ಅದೇ ನಗರದ ಕೊಲಾಬಾದಲ್ಲಿ ಸುಮಾರು 74 ಮಿಲಿಮೀಟರ್. ಜೊತೆಗೆ ಮಧ್ಯಾಹ್ನ ಸುಮಾರು ನಾಲ್ಕೂವರೆ ಮೀಟರಿನ ಉಬ್ಬರ. ನೀರಿಗೆ ಹೋಗಲು ದಾರಿಯೇ ಇರಲಿಲ್ಲ.

ದಾರಿ ಕಿರಿದಾಗುತ್ತಿರುವುದೇ ಇಂದಿನ ಚಿಂತೆ. ಗುಡ್ಡದ ಮರ ಹೋಗಿ ಕಲ್ಲು ಬರಿದಾದರೆ ಮಳೆನೀರು ನಿಂತು ಇಂಗುವುದಿಲ್ಲ, ಹೂಳು ಹೊತ್ತು ಓಡಿ ಬರುತ್ತದೆ. ಕೊಳಗಳಲ್ಲಿ ಹೂಳು ಕೂತಿದೆ, ಹೂಳಿನ ಮೇಲೆ ಕಾಂಡ್ಲಾ ಬೆಳೆದಿದೆ. ಕಾಂಡ್ಲಾ ಕಾಡು ಖಾಡಿಯ ದಂಡೆ ಕಾಯುತ್ತದೆ; 2018ರಲ್ಲಿ ಬಾಂಬೆ ಹೈಕೋರ್ಟ್ ಅದರ ರಕ್ಷಣೆಗೆ ಗಟ್ಟಿ ತೀರ್ಪು ಕೊಟ್ಟಿತು, ಮುಟ್ಟಬೇಕಾದರೆ ಅನುಮತಿ ಬೇಕು. ಕೊಳದ ಹೂಳು ತೆಗೆದರೆ ಕಾಂಡ್ಲಾ ಹೋಗುತ್ತದೆ, ಬಿಟ್ಟರೆ ನೀರು ಮನೆಗೆ ಬರುತ್ತದೆ. ಫ್ಲೆಮಿಂಗೊ ನೋಡಲು ಖಾಡಿಗೆ ಹೋಗುವವರೂ ನಾವೇ, ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸುವವರೂ ನಾವೇ. ಇದಕ್ಕೆ ಒಂದು ಸಾಲಿನ ಉತ್ತರ ನನ್ನಲ್ಲಿಲ್ಲ. ಯಾವ ಕೊಳದಲ್ಲಿ ಎಷ್ಟು ಹೂಳು, ಎಷ್ಟು ನೀರು ಹಿಡಿಯುತ್ತದೆ ಎಂದು ಅಳೆಯದೆ ಆ ಉತ್ತರ ಯಾರಿಗೂ ಸಿಗುವುದಿಲ್ಲ.

ಅಳತೆಯ ಮಾತು ಬಂದಾಗ ಹಾರ್ಬರ್ ಲೈನಿನ ಕೊನೆಗೆ, ಹೊಸ ಪನವೇಲಿನಲ್ಲಿರುವ ಭಾರತೀಯ ಭೂಕಾಂತತ್ವ ಸಂಸ್ಥೆಯ ಹಿರಿಯರ ಕಥೆ ಹೇಳಬೇಕು. ಕೊಲಾಬಾ ವೀಕ್ಷಣಾಲಯದಲ್ಲಿ 1841ರಿಂದ ಭೂಮಿಯ ಕಾಂತಶಕ್ತಿಯನ್ನು ಅಳೆಯುತ್ತಿದ್ದರು. ಮುಂಬಯಿಗೆ ವಿದ್ಯುತ್ ಟ್ರಾಮ್ ಬರುತ್ತದೆ, ಅಳತೆ ಕೆಡುತ್ತದೆ ಎಂದು ಗೊತ್ತಾದಾಗ ನಿರ್ದೇಶಕ ಎನ್. ಎ. ಎಫ್. ಮೂಸ್ ಅಲಿಬಾಗಿನಲ್ಲಿ 1904ರಲ್ಲಿ ಹೊಸ ವೀಕ್ಷಣಾಲಯ ತೆರೆದರು. ಎರಡು ವರ್ಷ ಎರಡೂ ಕಡೆ ಒಟ್ಟಿಗೆ ಅಳೆದು, ತಾಳೆ ನೋಡಿ, ಆಮೇಲೆ ಕೊಲಾಬಾದ್ದನ್ನು ನಿಲ್ಲಿಸಿದರು. ಟ್ರಾಮ್ ಓಡಿದ್ದು 1907ರಲ್ಲಿ. ಊರು ಬದಲಾಗುವ ಮೊದಲೇ ಅಳತೆ ಭದ್ರವಾಗಿತ್ತು. ಆ ಸಾಲು ಇಂದಿಗೂ ಮುರಿದಿಲ್ಲ.

ನಮ್ಮ ಸೊಸೈಟಿಯ ಮೇ ತಿಂಗಳ ಸಭೆಯಲ್ಲಿ ತಾಡಪಾಲು, ಪಂಪಿನ ರಿಪೇರಿ ಎಲ್ಲ ಮುಗಿದ ಮೇಲೆ ನೆಲಮಾಳಿಗೆಯ ಮೀಟರ್ ರೂಮನ್ನು ಮೇಲೆ ತರುವ ವಿಷಯ ಎತ್ತಿದೆ. ಮೂರನೇ ಮಹಡಿಯ ಹೋಟೆಲಿನವರು, "ಅಷ್ಟು ಖರ್ಚು ಯಾಕೆ ಮಾರಾಯ್ರೇ, ವರ್ಷಕ್ಕೆ ಎರಡು ದಿನ ನೀರು ಬರುವುದು" ಎಂದರು. ಎಂಟನೇ ಮಹಡಿಯಲ್ಲಿ ಆಕ್ಸಿಜನ್ ಯಂತ್ರದ ಮೇಲಿರುವ ಅಜ್ಜಿಯ ಮಗ ಎದ್ದು, "ಆ ಎರಡು ದಿನ ಯಾವುವು ಎಂದು ಮೊದಲೇ ಹೇಳುತ್ತೀರಾ?" ಎಂದು ಕೇಳಿದ. ಯಾರೂ ಮಾತಾಡಲಿಲ್ಲ. ರೂಮು ಮೇಲೆ ಬಂತು.

ಆ ಬೇಸಿಗೆಯಲ್ಲೇ ಮಕ್ಕಳು ಗೇಟಿನ ಕಂಬಕ್ಕೆ ಪೇಂಟಿನಲ್ಲಿ ಸೆಂಟಿಮೀಟರ್ ಗುರುತು ಹಾಕಿದರು. ನೀರು ನಿಂತ ದಿನ ಎತ್ತರ, ಹೊತ್ತು, ತಿಥಿ ಮೂರನ್ನೂ ವಾಚ್‌ಮನ್ ಒಂದು ವಹಿಯಲ್ಲಿ ಬರೆಯುತ್ತಾನೆ. ಕಲಬುರಗಿಯ ಹುಡುಗ, ಬರೆಯುವುದು ಕನ್ನಡದಲ್ಲಿ. ಮೂರು ಮಳೆಗಾಲದ ಪುಟಗಳನ್ನು ನೋಡಿದರೆ, ಮೊಣಕಾಲು ಮುಟ್ಟಿದ ನೀರೆಲ್ಲ ಜೋರು ಮಳೆ ಮತ್ತು ದೊಡ್ಡ ಉಬ್ಬರ ಒಟ್ಟಿಗೆ ಬಂದ ದಿನಗಳದ್ದೇ. ಅದರ ಪ್ರತಿಯನ್ನು ಮರಾಠಿಗೆ ತಿರುಗಿಸಿ, ಹತ್ತಿರದ ಕೊಳದ ಆಳ ಅಳೆಯಿರಿ ಎಂಬ ಅರ್ಜಿಯ ಜೊತೆ ಕೊಟ್ಟಿದ್ದೇವೆ. ಅಕ್ಕಪಕ್ಕದ ಎರಡು ಸೊಸೈಟಿಗಳೂ ಈ ಜೂನಿನಿಂದ ತಮ್ಮ ಗೇಟಿಗೆ ಗುರುತು ಹಾಕುವುದಾಗಿ ಹೇಳಿವೆ.