ಉಳಿ ಹುಡುಗನ ಪರದೆ

ನಮ್ಮೂರು ಅಕ್ಕಿಹೆಬ್ಬಾಳಿನ ಸುತ್ತಮುತ್ತ ಒಂದು ಊರಿನವರು ನಾಟಕ ಆಡಬೇಕೆಂದರೆ ಆಗ ಇಬ್ಬರು ಮೇಷ್ಟ್ರು ಬೇಕಾಗಿತ್ತು. ಹಾಡು, ಮಾತು, ಹೆಜ್ಜೆ ಕಲಿಸುವುದಕ್ಕೆ ಹಾರ್ಮೋನಿಯಂ ಮೇಷ್ಟ್ರು. ಬೆನ್ನ ಹಿಂದಿನ ಲೋಕ ಕಟ್ಟಿಕೊಡುವುದಕ್ಕೆ ಪರದೆ ಮೇಷ್ಟ್ರು. ಹಾರ್ಮೋನಿಯಂ ಮೇಷ್ಟ್ರ ಬಗ್ಗೆ ಬರೆದವರಿದ್ದಾರೆ, ಅವರಿಗೆ ಶಾಲು ಹೊದಿಸಿದವರೂ ಇದ್ದಾರೆ. ಪರದೆ ಮೇಷ್ಟ್ರ ಮಾತು ಎತ್ತುವವರು ಕಡಿಮೆ. ನಾನು ಎಪ್ಪತ್ತರ ದಶಕದಲ್ಲಿ ಅಂಥ ಒಬ್ಬರ ಕೈಕೆಳಗೆ ಬಣ್ಣ ಅರೆದವನು. ಆ ಕೆಲಸ ಹೇಗಿತ್ತು, ಹೇಗೆ ಹೋಯಿತು, ಅದರ ಜೊತೆಗೆ ಇನ್ನೇನು ಹೋಯಿತು ಎನ್ನುವುದನ್ನು ಕಣ್ಣಾರೆ ಕಂಡಿದ್ದೇನೆ.

ಕಬ್ಬು ಕಡಿದು ಮುಗಿದ ಮೇಲೆ, ಮುಂಗಾರು ಹಿಡಿಯುವುದಕ್ಕೆ ಮೊದಲು, ಜಾತ್ರೆಗಳ ಕಾಲದಲ್ಲಿ ನಮಗೆ ಕೈತುಂಬ ಕೆಲಸ. ಒಂದು ಊರಿಗೆ ಕನಿಷ್ಠ ನಾಲ್ಕು ಪರದೆ ಇರಬೇಕು: ಅರಮನೆ, ಬೀದಿ, ಕಾಡು, ಆಶ್ರಮ. ಒರಟು ಕಾಡಾ ಬಟ್ಟೆಯನ್ನು ಅಗಲಕ್ಕೆ ಜೋಡಿಸಿ ಹೊಲಿಸುತ್ತಿದ್ದೆವು. ಮೇಷ್ಟ್ರು ಅದನ್ನು ಊರ ಮುಂದಿನ ಕಣದಲ್ಲಿ ಹಾಸಿ, ನಾಲ್ಕೂ ಕಡೆ ಗೂಟ ಹೊಡೆದು ಬಿಗಿಯುತ್ತಿದ್ದರು. ಮೊದಲು ಗಂಜಿ. ಅದು ಒಣಗಿದ ಮೇಲೆ ಅಂಟು ಬೆರೆಸಿದ ಬಿಳಿ ಬಣ್ಣ. ಅಂಟು ಹೆಚ್ಚಾದರೆ ಪರದೆ ಸುತ್ತುವಾಗ ಬಣ್ಣ ಬಿರಿಯುತ್ತದೆ, ಕಡಿಮೆಯಾದರೆ ಪುಡಿಪುಡಿಯಾಗಿ ನಟರ ಕಿರೀಟದ ಮೇಲೆ ಉದುರುತ್ತದೆ. ಬೆರಳ ತುದಿಯಲ್ಲಿ ಅಂಟು ಎಳೆದು ನೋಡಿ, ಸಾಕು ಸಾಲದು ಎನ್ನುತ್ತಿದ್ದರು. ಆಮೇಲೆ ಇದ್ದಿಲಲ್ಲಿ ಗೆರೆ. ಕೆಳಗಡೆ ಬೊಂಬು ಕಟ್ಟಿ, ಹಗ್ಗ ಎಳೆದರೆ ಸುರುಳಿ ಸುತ್ತಿಕೊಂಡು ಮೇಲಕ್ಕೆ ಹೋಗಬೇಕು. ಮುಗಿದ ಪರದೆಗಳನ್ನು ದೂರದ ಊರಿಗೆ ಕಳಿಸಬೇಕಾದರೆ ನಮ್ಮೂರ ಸ್ಟೇಷನ್ನಿನಿಂದ ಮೀಟರ್ ಗೇಜ್ ಪ್ಯಾಸೆಂಜರ್ ಗಾಡಿಗೆ ಹಾಕುತ್ತಿದ್ದೆವು. ಮೈಸೂರು–ಅರಸೀಕೆರೆ ದಾರಿಯ ಆ ಗಾಡಿ ಹೇಮಾವತಿಯ ಸೇತುವೆ ದಾಟಿ ಹೋಗುವಾಗ, ಒಳಗೆ ನಮ್ಮ ಅರಮನೆ, ಕಾಡುಗಳೂ ಹೋಗುತ್ತಿದ್ದವು.

ಆಡುತ್ತಿದ್ದ ನಾಟಕಗಳಲ್ಲಿ ‘ಕುರುಕ್ಷೇತ್ರ’ಕ್ಕೇ ಮೊದಲ ಮಣೆ. ಗುಬ್ಬಿ ವೀರಣ್ಣನವರ ಕಂಪನಿ 1934ರಲ್ಲಿ ನಿಜವಾದ ಆನೆ ಕುದುರೆ ತಂದು ಬಯಲಿನಲ್ಲಿ ಅದನ್ನು ಆಡಿದ ಸುದ್ದಿ ನಮ್ಮ ಅಜ್ಜಂದಿರ ಬಾಯಲ್ಲಿ ಆಗಲೂ ಹಸಿಯಾಗಿತ್ತು. ಆ ಕಂಪನಿಗೆ ನಾಟಕ ಬರೆದುಕೊಟ್ಟ ಬಿ. ಪುಟ್ಟಸ್ವಾಮಯ್ಯನವರೇ ಮುಂದೆ ಬಸವಣ್ಣನ ಕಾಲವನ್ನು ಕಾದಂಬರಿಗೆ ತಂದು, ‘ಕ್ರಾಂತಿ ಕಲ್ಯಾಣ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ರಂಗದ ಮಾತು ಬರೆದ ಕೈಗೆ ಇತಿಹಾಸದವರ ಮಾತೂ ಒಲಿಯುತ್ತದೆ ಎನ್ನುವುದಕ್ಕೆ ನಾನು ಯಾವಾಗಲೂ ಅವರ ಹೆಸರು ಹೇಳುತ್ತೇನೆ. ಹಳೆಯ ಕಾಲದ ಮನುಷ್ಯ ಸಭಿಕರ ಎದುರು ನಿಂತು ಬಾಯಿ ಬಿಡಲೇಬೇಕು. ಅಲ್ಲಿ ಟಿಪ್ಪಣಿ, ವಿವರಣೆ ನಡೆಯುವುದಿಲ್ಲ.

1964ರಲ್ಲಿ ‘ಅಮರಶಿಲ್ಪಿ ಜಕಣಾಚಾರಿ’ ಸಿನಿಮಾ ಬಂದಿತು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ಅದು. ಆಮೇಲೆ ಹಳ್ಳಿಗಳಲ್ಲೂ ಜಕಣಾಚಾರಿಯ ನಾಟಕ ಕೇಳುವವರಾದರು. ಕಲ್ಲಿನೊಳಗಿನ ಕಪ್ಪೆ, ತಂದೆಯ ತಪ್ಪು ತೋರಿಸಿದ ಮಗ ಡಂಕಣ, ಕಡಿದುಕೊಂಡ ಬಲಗೈ, ಕೈದಾಳದಲ್ಲಿ ಕೈ ಮರಳಿ ಬಂದದ್ದು. ಕಣ್ಣಲ್ಲಿ ನೀರು ತರಿಸುವ ಕಥೆ. ಆದರೆ ಅದಕ್ಕೆ ನಮ್ಮ ನಾಲ್ಕು ಪರದೆ ಸಾಲದಾಯಿತು. ಶಿಲ್ಪಿ ಕೂತು ಕೆಲಸ ಮಾಡುವ ಚಪ್ಪರ ಬೇಕು. ಅದು ಯಾವ ಕಂಪನಿಯ ಪರದೆಯಲ್ಲೂ ನಮಗೆ ನೋಡಸಿಗಲಿಲ್ಲ.

‘ಹಂಗಾದ್ರೆ ನೋಡ್ಕೊಂಡು ಬರಾನ ನಡೀರ್ಲಾ’ ಎಂದರು ಮೇಷ್ಟ್ರು.

ನಮ್ಮ ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ನೋಡುವುದಕ್ಕೆ ಬರವಿಲ್ಲ. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಸ್ಥಾನ 1250ರ ಹೊತ್ತಿನದು. ಕೆಳಗೆ ಆನೆ ಸಾಲು, ಅದರ ಮೇಲೆ ಕುದುರೆ, ಬಳ್ಳಿ, ರಾಮಾಯಣ ಮಹಾಭಾರತ, ಮಕರ, ಹಂಸ. ಕಿಕ್ಕೇರಿಯ ಬ್ರಹ್ಮೇಶ್ವರ 1171ರದು. ಕಟ್ಟಿಸಿದವಳು ಬಮ್ಮವೆ ನಾಯಕಿತಿ ಎಂಬ ಹೆಣ್ಣುಮಗಳು. ಕಿಕ್ಕೇರಿಗೆ ಹತ್ತಿರದ ಗೋವಿಂದನಹಳ್ಳಿಯಲ್ಲಿ ಐದು ಗುಡಿ ಒಂದೇ ಸಾಲಿನಲ್ಲಿ ನಿಂತ ಪಂಚಲಿಂಗೇಶ್ವರ. ಅಲ್ಲಿಗೆ ನಮ್ಮನ್ನು ಕರೆದುಕೊಂಡು ಹೋದವರು ನಮ್ಮ ಶಾಲೆಯ ಕನ್ನಡ ಪಂಡಿತರು. ದ್ವಾರಪಾಲಕರ ಮುಂದೆ ನಿಂತು ಅವರು ಮೊದಲ ಸಲ ನನಗೆ ರೂವಾರಿ ಮಲ್ಲಿತಮ್ಮನ ಹೆಸರು ಹೇಳಿದರು.

ಅವತ್ತು ಅವರು ಹೇಳಿದ ಮಾತು ನನ್ನ ಬದುಕಿನ ಅರ್ಧವನ್ನು ತುಂಬಿದೆ. ಜಕಣಾಚಾರಿಗೆ ಕಥೆ ಇದೆ, ಕಲ್ಲಿನ ಮೇಲೆ ರುಜು ಇಲ್ಲ. ಮಲ್ಲಿತಮ್ಮನಿಗೆ ರುಜು ಇದೆ, ಕಥೆ ಇಲ್ಲ. ಅಮೃತಪುರದಿಂದ ಹಿಡಿದು ಹಾರನಹಳ್ಳಿ, ನುಗ್ಗೇಹಳ್ಳಿ, ಸೋಮನಾಥಪುರದ ತನಕ ಅವನ ಹೆಸರಿದೆ. ಅರವತ್ತು ವರ್ಷಕ್ಕೂ ಮಿಕ್ಕ ದುಡಿಮೆ. ನುಗ್ಗೇಹಳ್ಳಿಯಲ್ಲಿ ತೆಂಕಣ ಗೋಡೆ ನಂದಿಯ ಬೈಚೋಜನದು, ಬಡಗಣ ಗೋಡೆ ಮಲ್ಲಿತಮ್ಮನದು. ಒಂದೇ ದೇವಸ್ಥಾನ ಸುತ್ತುವಷ್ಟರಲ್ಲಿ ಎರಡು ಕೈ ಗುರುತು ಸಿಗುತ್ತದೆ. ಸೋಮನಾಥಪುರದಲ್ಲಂತೂ ವಿಗ್ರಹದ ಪೀಠದ ಮೇಲೆ ಪೂರ್ತಿ ಹೆಸರು ಬರೆಯುವುದಕ್ಕೂ ಪುರುಸೊತ್ತಿಲ್ಲದವನ ಹಾಗೆ ಬರೀ ‘ಮ’ ಎಂದು, ‘ಮಲ್ಲಿ’ ಎಂದು ಕೊರೆದ ಕಡೆಗಳೂ ಇವೆ. ಇಷ್ಟು ಕೆಲಸ ಮಾಡಿದ ಮನುಷ್ಯ ಏನು ಉಂಡ, ಯಾರನ್ನು ಬೈದ, ಯಾರಿಗೆ ಹೆದರಿದ, ಒಂದು ಸಾಲೂ ಉಳಿದಿಲ್ಲ.

ಮಲ್ಲಿತಮ್ಮನ ಮೇಲೇ ನಾಟಕ ಬರೆಯೋಣ ಎಂದು ನಾನು ಹೊರಟೆ. ಪಂಡಿತರು ತಡೆದರು. ‘ರುಜು ಹಾಕಿದವನ ಬಾಯಿಗೆ ನೀನು ಮಾತು ತುಂಬಬೇಡಪ್ಪ. ಅವನ ಪಕ್ಕದಲ್ಲಿ ಒಬ್ಬನ್ನ ಕೂರಿಸು, ಅವನು ನೋಡಿದ್ದು ಹೇಳಲಿ’ ಎಂದರು. ಹಾಗೆ ಹುಟ್ಟಿದವನು ಉಳಿ ಹುಡುಗ. ಮೊಂಡಾದ ಉಳಿಗಳನ್ನು ಕಮ್ಮಾರನ ಕುಲುಮೆಗೆ ಒಯ್ದು, ಚೂಪು ಮಾಡಿಸಿ ತರುವವನು. ಅವನಿಗೆ ಹೆಸರಿಡಲಿಲ್ಲ. ಪಾತ್ರವರ್ಗದ ಪಟ್ಟಿಯಲ್ಲೂ ‘ಉಳಿ ಹುಡುಗ’ ಎಂದೇ ಬರೆದೆವು.

ಪಂಡಿತರು ಈ ಬಗೆಯ ಕೆಲಸಕ್ಕೆ ನಮ್ಮೂರಿನವರದ್ದೇ ಉದಾಹರಣೆ ಕೊಡುತ್ತಿದ್ದರು. ಅಕ್ಕಿಹೆಬ್ಬಾಳು ನರಸಿಂಹ ಮೂರ್ತಿರಾಯರು, ಅಂದರೆ ‘ಹಗಲುಗನಸುಗಳು’ ಬರೆದ ಎ.ಎನ್. ಮೂರ್ತಿರಾವ್, 1900ರಲ್ಲಿ ಈ ಊರಿನಲ್ಲೇ ಹುಟ್ಟಿದವರು. ಫ್ರಾನ್ಸಿನ ಮೋಲಿಯೇರನ ‘ತಾರ್ತೂಫ್’ ನಾಟಕವನ್ನು ಅವರು ‘ಆಷಾಢಭೂತಿ’ ಮಾಡಿದಾಗ, ಆ ಡಾಂಭಿಕ ನಮ್ಮ ಮನೆಗಳ ಜಗುಲಿಯಲ್ಲೇ ಬೆಳೆದವನ ಹಾಗೆ ಮಾತಾಡಿದ. ಪರಕೀಯನನ್ನು ಮನೆಯವನನ್ನಾಗಿ ಮಾಡುವುದು ಆಗುವುದಾದರೆ, ಏಳು ನೂರು ವರ್ಷ ಹಿಂದಿನ ನಮ್ಮವನನ್ನು ಮತ್ತೆ ನಮ್ಮವನನ್ನಾಗಿ ಮಾಡುವುದು ಯಾಕೆ ಆಗಬಾರದು ಎಂದು ಪಂಡಿತರು ಕೇಳುತ್ತಿದ್ದರು.

ಹುಡುಗನ ಹೆಸರಿನಲ್ಲಿ ಒಂದು ನೋಟ್‌ಬುಕ್ ಇಟ್ಟೆ. ಅದರಲ್ಲಿ ಬರೆಯುವಾಗ ‘ನಾನು’ ಅಂದರೆ ಅವನು. ಒಂದು ಕಟ್ಟಳೆ: ಅವನಿಗೆ ತಿಳಿಯಲು ಸಾಧ್ಯವಿಲ್ಲದ್ದು ಬರಕೂಡದು. ಅವನಿಗೆ ಹೊಯ್ಸಳ ಶೈಲಿ ಗೊತ್ತಿಲ್ಲ. ರಾಜ ವೀರಸೋಮೇಶ್ವರನನ್ನು ಕಂಡಿಲ್ಲ. ಕಂಡಿದ್ದು ಅಕ್ಕಿ ಅಳೆದುಕೊಡುವವನನ್ನು. ಇಸವಿ ಗೊತ್ತಿಲ್ಲ, ಹೊಳೆ ಕೆಂಪಾಗಿ ಹರಿದ ವರ್ಷ, ಮಳೆ ಕೈಕೊಟ್ಟ ವರ್ಷ, ಇಷ್ಟೇ ಲೆಕ್ಕ. ಅವನು ಹೇಮಾವತಿಯನ್ನು ದಾಟುವಾಗ ಕನ್ನಂಬಾಡಿ ಕಟ್ಟೆಯ ಹಿನ್ನೀರು ಇಲ್ಲ, ಗೊರೂರು ಅಣೆಕಟ್ಟು ಇಲ್ಲ, ರೈಲಿನ ಕೂಗೂ ಇಲ್ಲ. ಅವನ ಬುತ್ತಿಯಲ್ಲಿ ರಾಗಿ ಇರಬಹುದು, ಹುರುಳಿ ಇರಬಹುದು. ಮೆಣಸಿನಕಾಯಿ ಇರುವ ಹಾಗಿಲ್ಲ, ಕಡಲೆಕಾಯಿ ಇಲ್ಲ, ಮೂಲೆಯಲ್ಲಿ ಕೂತ ಮುದುಕನ ಬಾಯಲ್ಲಿ ಹೊಗೆಸೊಪ್ಪೂ ಇಲ್ಲ. ಅವೆಲ್ಲ ಪೋರ್ಚುಗೀಸರು ಬಂದ ಮೇಲಿನ ಸರಕು. ಖಾರ ಬೇಕಾದರೆ ಕಾಳುಮೆಣಸು. ಹೀಗೆ ಒಂದೊಂದಾಗಿ ತೆಗೆಯುತ್ತ ಹೋದ ಮೇಲೆ ಉಳಿದದ್ದರಲ್ಲಿ ಹುಡುಗ ತನ್ನಷ್ಟಕ್ಕೆ ಎದ್ದು ಓಡಾಡತೊಡಗಿದ.

ಮಿಕ್ಕಿದ್ದನ್ನು ಪರದೆಯ ಕೆಲಸ ಕಲಿಸಿತು. ಚಪ್ಪರದ ಪರದೆ ಬರೆಯುವಾಗ ಮೇಷ್ಟ್ರು ಬಳಪದ ಕಲ್ಲಿನ ಒಂದು ತುಂಡನ್ನು ಎದುರಿಗೆ ಇಟ್ಟುಕೊಂಡಿದ್ದರು. ಗಣಿಯಿಂದ ತೆಗೆದ ಹೊಸತರಲ್ಲಿ ಅದು ಮೆದು, ಉಗುರಿಗೂ ಗೀರು ಬೀಳುತ್ತದೆ. ಗಾಳಿಗೆ ಬಿದ್ದು ವರ್ಷಗಳು ಕಳೆದಂತೆ ಗಟ್ಟಿಯಾಗುತ್ತದೆ. ಆ ಬೂದು ಬಣ್ಣ ತರುವುದಕ್ಕೆ ಬಿಳಿಗೆ ಕಾಡಿಗೆ ಬೆರೆಸಿದೆವು. ಹಗಲಲ್ಲಿ ಸರಿಯಾಗಿಯೇ ಇತ್ತು. ರಾತ್ರಿ ಪೆಟ್ರೋಮ್ಯಾಕ್ಸ್ ಹಚ್ಚಿ ನೋಡಿದ ಮೇಷ್ಟ್ರು ತಲೆ ಆಡಿಸಿದರು. ‘ಹಗಲಲ್ಲಿ ಕಲ್ಲು ಕಾಣ್ತದೆ, ಗ್ಯಾಸ್‌ಲೈಟಲ್ಲಿ ಬೂದಿ ಕಾಣ್ತದೆ ಕಣ್ಲಾ ಮಗ. ಇದಕ್ಕೆ ಒಂಚೂರು ಹಸಿರು ಕೊಡು.’ ಹಸಿರು ಸೇರಿಸಿದ ಮೇಲೆ ಹಗಲಲ್ಲಿ ಪಾಚಿ ಹಿಡಿದ ಹಾಗೆ ಕಂಡಿತು, ರಾತ್ರಿ ಮಾತ್ರ ಅಪ್ಪಟ ಕಲ್ಲು. ಅಂದೇ ರಾತ್ರಿ ಹುಡುಗನ ನೋಟ್‌ಬುಕ್ಕಿನಲ್ಲಿ ಬರೆದೆ: ಗರ್ಭಗುಡಿಗೆ ಹೋಗುವ ವಿಗ್ರಹವನ್ನು ಒಡೆಯ ಬಿಸಿಲಲ್ಲಿ ಕೆತ್ತುತ್ತಾನೆ, ಆದರೆ ಆಗಾಗ ಚಾಪೆ ಅಡ್ಡ ಹಿಡಿಸಿ, ಕತ್ತಲೆ ಮಾಡಿ, ಸೊಡರು ತರಿಸಿ ನೋಡುತ್ತಾನೆ. ಇದು ಯಾವ ಶಾಸನದಲ್ಲೂ ಇಲ್ಲ, ನನ್ನ ಊಹೆ. ಆದರೆ ಕೈಯಲ್ಲಿ ಕುಂಚ ಇಲ್ಲದಿದ್ದರೆ ಆ ಊಹೆ ನನಗೆ ಹೊಳೆಯುತ್ತಿರಲಿಲ್ಲ.

ನಾಟಕ ಆಡಿದೆವು. ಗಂಡಸರೇ ಹೆಣ್ಣುವೇಷ ಹಾಕಿದರು, ಬೆಳಗಿನ ಜಾವ ಮುಗಿಯಿತು, ಹುಡುಗನ ಹಾಡಿಗೆ ಒನ್ಸ್‌ಮೋರ್ ಬಿತ್ತು. ಸುತ್ತಿನ ಊರಿನವರೂ ಪುಸ್ತಕ ಕೇಳಿ ಪಡೆದರು, ಪರದೆ ಬಾಡಿಗೆಗೆ ಒಯ್ದರು.

ಬದಲಾವಣೆ ಬಂದದ್ದು ನಾಟಕ ನಿಂತು ಹೋಗಿ ಅಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಟಿ.ವಿ. ಬಂದು ಹಳ್ಳಿ ನಾಟಕ ಸತ್ತಿತು ಎಂದು ಪಟ್ಟಣದಲ್ಲಿ ಕೂತು ಬರೆಯುವವರಿದ್ದಾರೆ. ಮಂಡ್ಯ ಸೀಮೆಯಲ್ಲಿ ಇವತ್ತೂ ‘ಕುರುಕ್ಷೇತ್ರ’ ನಡೆಯುತ್ತದೆ. ರೈತರು, ಬಸ್ ಕಂಡಕ್ಟರುಗಳು, ಮೇಷ್ಟ್ರುಗಳು ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡುತ್ತಾರೆ. ಪಾತ್ರಕ್ಕೆ ಇಷ್ಟು ಎಂದು ದುಡ್ಡು ಹಾಕುತ್ತಾರೆ. ದುರ್ಯೋಧನ, ಕೃಷ್ಣ ಆಗಬೇಕಾದವರು ಹೆಚ್ಚು ಕೊಡುತ್ತಾರೆ. ಹೆಣ್ಣುಪಾತ್ರಕ್ಕೆ ಕಲಾವಿದೆಯರೇ ಬರುತ್ತಾರೆ, ಅದು ಒಳ್ಳೆಯದೇ ಆಯಿತು. ಹೋದದ್ದು ಪರದೆ. ಮೊದಲು ಪಟ್ಟಣದ ಸೀನರಿ ಅಂಗಡಿಗಳು ಬಂದವು. ಲಾರಿಯಲ್ಲಿ ಕಂಬ, ಸಿಂಹಾಸನ, ರಥ, ಬಣ್ಣದ ದೀಪ, ಡ್ರೆಸ್ಸು, ಮೈಕು ಎಲ್ಲ ಒಟ್ಟಿಗೆ ಬಂದಿಳಿದು, ಬೆಳಗಾಗುವಷ್ಟರಲ್ಲಿ ಕಟ್ಟಿಕೊಂಡು ಹೋಗುತ್ತವೆ. ಆಮೇಲೆ ಫ್ಲೆಕ್ಸ್ ಬಂದಿತು. ನಮ್ಮ ಮೇಷ್ಟ್ರು ಕೊನೆಕೊನೆಗೆ ಅಂಗಡಿ ಬೋರ್ಡು, ಮದುವೆ ಮನೆ ಗೋಡೆ ಬರೆದರು. ಫ್ಲೆಕ್ಸ್ ಅದನ್ನೂ ಕಿತ್ತುಕೊಂಡಿತು.

ಸೀನರಿಯವರನ್ನು ದೂರುವುದಿಲ್ಲ, ಅವರೂ ಹೊಟ್ಟೆಪಾಡಿಗೆ ದುಡಿಯುವವರು. ಆದರೆ ಲಾರಿಯಲ್ಲಿ ಬರುವುದು ಅರಮನೆ, ಉದ್ಯಾನ, ಯುದ್ಧಭೂಮಿ. ಅದರಲ್ಲಿ ಕಲ್ಲುಕುಟಿಗನ ಚಪ್ಪರ ಇಲ್ಲ, ಕಮ್ಮಾರನ ಕುಲುಮೆ ಇಲ್ಲ, ಗಾಣ ಇಲ್ಲ, ಮಂದಗೆರೆಯ ಅಣೆ ಇಲ್ಲ. ಊರಿನಲ್ಲೇ ಒಬ್ಬ ಪರದೆ ಮೇಷ್ಟ್ರು ಇದ್ದಾಗ ಯಾರೋ ಒಬ್ಬ ಹೊಸ ಕಥೆ ಬರೆದು ‘ಇದಕ್ಕೆ ಹೊಸ ಜಾಗ ಬೇಕು’ ಎಂದರೆ, ಬಟ್ಟೆ ತಂದುಕೊಡಿ ಎನ್ನುತ್ತಿದ್ದರು. ಈಗ ಬಾಡಿಗೆಗೆ ಸಿಗುವ ಜಾಗಕ್ಕೆ ತಕ್ಕ ಕಥೆಯನ್ನೇ ಆಡಬೇಕು. ಹಾಗಾಗಿ ಆಡುವವರು ದಿನದಿನಕ್ಕೆ ಹೆಚ್ಚುತ್ತಿದ್ದರೂ ಬರೆಯುವವರು ಇಲ್ಲವಾದರು. ನಮ್ಮ ತಾಲ್ಲೂಕಿನಲ್ಲಿ ರಾಜ ಆಗಲು ಹತ್ತು ಜನ ಮುಂದೆ ಬರುತ್ತಾರೆ, ಉಳಿ ಹುಡುಗ ಆಗಲು ಜಾಗವೇ ಇಲ್ಲ. ನನಗೆ ಸಂಕಟ ಆಗುವುದು ಇದಕ್ಕೆ.

ನೋಟ್‌ಬುಕ್ ಮಾತ್ರ ನಿಲ್ಲಿಸಿಲ್ಲ. ಹುಡುಗ ಈಗ ಮುದುಕನಾಗಿದ್ದಾನೆ, ಸೋಮನಾಥಪುರಕ್ಕೆ ಬಂದಿದ್ದಾನೆ. ಒಡೆಯನ ಕೈ ನಡುಗುತ್ತದೆ. ಪೀಠದ ಮೇಲೆ ಹೆಸರು ಕೊರೆಯುವ ಕೆಲಸ ಇವನಿಗೆ ಬಂದಿದೆ; ಇವನು ಅಕ್ಷರ ಬಲ್ಲವನಲ್ಲ, ತೋರಿಸಿದ ಗೆರೆಯನ್ನು ಹಾಗೆಯೇ ತೆಗೆಯುತ್ತಾನೆ. ಆ ಅಧ್ಯಾಯವನ್ನು ಬರೆದು ಹೊಡೆದು, ಬರೆದು ಹೊಡೆದು ಇನ್ನೂ ಮುಗಿಸಿಲ್ಲ.

ಈಚೆಗೆ ಬೇಸಿಗೆ ರಜದಲ್ಲಿ ಹೈಸ್ಕೂಲು ಮಕ್ಕಳನ್ನು ಕೂರಿಸಿಕೊಂಡು ಇದೇ ಕೆಲಸ ಮಾಡಿಸುತ್ತಿದ್ದೇನೆ. ಒಬ್ಬೊಬ್ಬರು ಒಬ್ಬೊಬ್ಬ ಹಳೆಯ ಕಾಲದವರನ್ನು ಆರಿಸಿಕೊಂಡು ‘ನಾನು’ ಎಂದು ಬರೆಯಬೇಕು, ಜೊತೆಗೆ ಅವರು ನಿಂತ ಜಾಗವನ್ನು ಬಟ್ಟೆಯ ಮೇಲೆ ತೆಗೆಯಬೇಕು. ಒಬ್ಬ ಹುಡುಗ ಕಲ್ಲು ಎಳೆದ ಗಾಡಿಯವನಾಗಿದ್ದಾನೆ. ಕಲ್ಲು ಎಲ್ಲಿಂದ ಬಂತು, ಎತ್ತು ಎಷ್ಟು ಕಟ್ಟಬೇಕಾಗಿತ್ತು ಎಂದು ಮನೆಯಲ್ಲಿ ತಾತನ ಹತ್ತಿರ ಕೇಳಿಕೊಂಡು ಬರುತ್ತಾನೆ. ಇನ್ನೊಬ್ಬಳು ಕಿಕ್ಕೇರಿಯಲ್ಲಿ ಬಮ್ಮವೆ ನಾಯಕಿತಿ ಗುಡಿ ಕಟ್ಟಿಸುವಾಗ ಆಳುಗಳಿಗೆ ಮಜ್ಜಿಗೆ ಹೊತ್ತು ತಂದವಳಾಗಿದ್ದಾಳೆ. ಅವಳಿಗೆ ಕೆರೆಯ ಪರದೆ ಬೇಕಂತೆ, ಕೆರೆ ಇಲ್ಲದೆ ತನ್ನ ಮಾತು ಹೊರಡುವುದಿಲ್ಲವಂತೆ. ಬಟ್ಟೆ ತರಿಸಿದ್ದೇನೆ. ಎಲ್‌ಇಡಿ ಬೆಳಕಿನಲ್ಲಿ ನಮ್ಮ ಹಳೆಯ ನೀಲಿ ಕಣ್ಣು ಕುಕ್ಕುತ್ತದೆ, ಅದಕ್ಕೆ ಸ್ವಲ್ಪ ಕೆಮ್ಮಣ್ಣು ಬೆರೆಸಿ ನೋಡಬೇಕು.