ಒಂದು ‘ಹೂಂ’

“ಅಮ್ಮನ ಔಷಧವಾಯಿತೇನೋ?” ಎಂದು ಒಂದು ಸಂಜೆ ಒಳಗಿದ್ದ ತಮ್ಮನನ್ನು ಕೇಳಿದೆನು. “ಹೂಂ” ಎಂದನು. ಕೇಳಿಸಿತೆಂಬುದು ಅವನ ಭಾವ. ಕೊಟ್ಟಾಯಿತೆಂಬುದು ನನ್ನ ಗ್ರಹಿಕೆ. ಆ ರಾತ್ರಿ ತಾಯಿಯವರು ಉಬ್ಬಸದಿಂದ ಬೆಳಗಿನವರೆಗೂ ಕುಳಿತೇ ಇದ್ದರು.

ಇಂತಹುದೇ ಅರೆಮಾತೊಂದು 1994ರ ಏಪ್ರಿಲ್ 14ರಂದು ಉತ್ತರ ಇರಾಕಿನ ಆಕಾಶದಲ್ಲಿ ಪ್ರಾಣಾಂತಕವಾಯಿತು. ಅಮೆರಿಕದ ಎರಡು ಎಫ್-15 ಯುದ್ಧವಿಮಾನಗಳ ಚಾಲಕರು ಎರಡು ಹೆಲಿಕಾಪ್ಟರುಗಳನ್ನು ಕಂಡರು. ಅವು ಇರಾಕಿನವೆಂದು ಬಗೆದ ಮುಂದಾಳು, ದೃಢಪಡಿಸುವಂತೆ ಜೊತೆಗಾರನನ್ನು ಕೇಳಿದನು. ಎರಡು ಕಂಡವೆಂದು ಉತ್ತರ ಬಂದಿತು. ಜೊತೆಗಾರನು ಹೇಳಿದುದು ಕಂಡುದನ್ನು ಮಾತ್ರ. ಮುಂದಾಳು ತಿಳಿದುದು ಗುರುತಿಸಿದನೆಂದು. ಆ ಪ್ರದೇಶದ ಹಾರಾಟಗಳನ್ನೆಲ್ಲ ರೇಡಾರಿನಿಂದ ಗಮನಿಸಬೇಕಾಗಿದ್ದ ಅವಾಕ್ಸ್ ವಿಮಾನದಿಂದಲೂ ತಡೆಯುವ ಮಾತು ಬರಲಿಲ್ಲ. ಕ್ಷಿಪಣಿಗಳಿಗೆ ಸಿಕ್ಕಿ ಉರುಳಿದವು ಅಮೆರಿಕದ ಸೇನೆಯವೇ ಆದ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರುಗಳು. ಅವುಗಳಲ್ಲಿದ್ದ 26 ಮಂದಿಯೂ ಮಡಿದರು.

ಅಲ್ಲಿ ಯಂತ್ರಗಳಿಗೆ ಕೊರತೆಯಿರಲಿಲ್ಲ. “ನನಗೆ ಗುರುತು ಹತ್ತಲಿಲ್ಲ” ಎಂಬ ಒಂದು ಮಾತು ಮಾತ್ರ ಯಾರ ಬಾಯಿಂದಲೂ ಹೊರಡಲಿಲ್ಲ. ಸಂದೇಹವನ್ನು ಆಡಿ ತೋರಿಸುವುದು ಅಳುಕಿನ ಲಕ್ಷಣವಲ್ಲ. ಜೊತೆಯವರ ಪ್ರಾಣಕ್ಕೆ ಅದೇ ಕಾವಲು.

ಈಗ ನಮ್ಮ ಮನೆಯಲ್ಲಿ ‘ಹೂಂ’ ಸಲ್ಲದು. “ಎಂಟು ಗಂಟೆಯ ಔಷಧ ಕೊಟ್ಟೆನು” ಎಂದು ತಮ್ಮನು ಪೂರ್ತಿಯಾಗಿ ಹೇಳುತ್ತಾನೆ. “ಕೊಟ್ಟೆಯಲ್ಲವೆ, ಸರಿ” ಎಂದು ನಾನೂ ಹೇಳುತ್ತೇನೆ. ತಾಯಿಯವರು ನಮ್ಮಿಬ್ಬರನ್ನೂ ನೋಡಿ ನಗುತ್ತಾರೆ.