ಟಿಡ್‌ಬಿನ್‌ಬಿಲ್ಲಾದಿಂದ ಒಂದು ಕೂಗು

ಆಸ್ಟ್ರೇಲಿಯದ ರಾಜಧಾನಿ ಕ್ಯಾನ್‌ಬೆರಾದ ನೈಋತ್ಯಕ್ಕೆ ಟಿಡ್‌ಬಿನ್‌ಬಿಲ್ಲಾ ಎಂಬ ಕಣಿವೆ ಇದೆ. ಸುತ್ತ ಗುಡ್ಡಗಳು, ನೀಲಗಿರಿ ಮರಗಳು, ಹುಲ್ಲು ಮೇಯುವ ಕಾಂಗರೂಗಳು. ನಗರದ ರೇಡಿಯೊ ಗದ್ದಲವನ್ನು ಗುಡ್ಡಗಳೇ ತಡೆಯುತ್ತವೆ. ನಡುವೆ ಆಕಾಶಕ್ಕೆ ಮುಖ ಮಾಡಿ ನಿಂತಿದೆ, 70 ಮೀಟರ್ ಅಗಲದ ಬೋಗುಣಿಯಂಥ ಬಿಳಿ ಆಂಟೆನಾ.

ಇದಕ್ಕೊಬ್ಬ ವೃದ್ಧ ಸಹೋದ್ಯೋಗಿ ಇದ್ದಾನೆ: 1977ರ ಆಗಸ್ಟ್ 20ರಂದು ಹೊರಟ ವಾಯೇಜರ್-2 ನೌಕೆ. 1989ರಲ್ಲಿ ನೆಪ್ಚೂನ್ ಗ್ರಹದ ಉತ್ತರ ಧ್ರುವದ ಮೇಲೆ ಹಾದಾಗ ಅದರ ಗುರುತ್ವ ನೌಕೆಯನ್ನು ದಕ್ಷಿಣದತ್ತ ತಿರುಗಿಸಿತು. ಹಾಗಾಗಿ ಕ್ಯಾಲಿಫೋರ್ನಿಯ, ಸ್ಪೇನ್‌ಗಳಲ್ಲಿರುವ ಸೋದರ ಕೇಂದ್ರಗಳಿಗೆ ಅದು ಎಟುಕದು. ಕರೆಯುವುದಾದರೆ ಇಲ್ಲಿಂದಲೇ ಕರೆಯಬೇಕು.

2023ರ ಜುಲೈ 21ರಂದು ಭೂಮಿಯಿಂದ ತಪ್ಪು ಆದೇಶವೊಂದು ಹೋಯಿತು. ನೌಕೆಯ ಆಂಟೆನಾ ಕೇವಲ 2 ಡಿಗ್ರಿ ಆಚೆ ತಿರುಗಿತು. ಅಷ್ಟಕ್ಕೇ ಮಾತು ನಿಂತಿತು. ಸುಮಾರು ಹತ್ತು ದಿನಗಳ ಬಳಿಕ, ಕ್ಷೀಣವಾದ ಎದೆಬಡಿತದಂಥ ಸಂಕೇತ ಸಿಕ್ಕಿತು. ಜೀವ ಇದೆ! ಅಕ್ಟೋಬರ್ 15ರಂದು ನೌಕೆ ತಾನಾಗಿಯೇ ದಿಕ್ಕು ಸರಿಪಡಿಸಿಕೊಳ್ಳುವುದಿತ್ತು. ಅಲ್ಲಿಯವರೆಗೆ ಕಾಯದೆ ಈ ಕಣಿವೆಯಿಂದ ಪ್ರಬಲವಾದ ಕೂಗು ಹಾಕಲಾಯಿತು. ದೂರ ಸುಮಾರು 1,990 ಕೋಟಿ ಕಿಲೋಮೀಟರ್. ಬೆಳಕಿನ ವೇಗದಲ್ಲೂ ಹೋಗಲು ಹದಿನೆಂಟೂವರೆ ಗಂಟೆ, ಬರಲು ಅಷ್ಟೇ. 37 ಗಂಟೆ ಕಾದ ಮೇಲೆ, ಆಗಸ್ಟ್ 4ರಂದು ಉತ್ತರ ಬಂತು.

ಮುಪ್ಪಿನ ನೌಕೆಯ ವಿದ್ಯುತ್ತು ವರ್ಷಕ್ಕೆ ಸುಮಾರು 4 ವಾಟ್ ಕುಗ್ಗುತ್ತಿದೆ. ಒಂದು ದಿನ ಅದು ನಿಜಕ್ಕೂ ಮೌನವಾಗುತ್ತದೆ.

ವಿದ್ಯಾರ್ಥಿಗಳೇ, ಮಾತು ನಿಂತ ಹಿರಿಯರು ನಿಮ್ಮ ಬೀದಿಯಲ್ಲೂ ಇದ್ದಾರು. ಅವರ ಬಾಗಿಲು ತಟ್ಟಿ ಬರಲು 37 ಗಂಟೆ ಬೇಕಿಲ್ಲ.